ಹೊಂಬಾಳೆಯ ರಸ, ಬಾಟಲಿಯ ಬಿಯರ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗು ಎಂದರೆ ಮೊದಲು ಕೊಬ್ಬರಿ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು ಮುಟ್ಟದೆ ಬಿಡಬೇಕು. ಒಳಗಿನ ನೀರು ಇಂಗಿ, ಗಿಟುಕು ಕರಟ ಬಿಟ್ಟು ಅಲುಗಾಡಿದ ಮೇಲೆಯೇ ಸುಲಿದು ಒಡೆಯುವುದು. ಹೊಂಬಾಳೆ ಕೊಯ್ದು ರಸ ಇಳಿಸಿದರೆ ಆ ಗೊನೆಯಲ್ಲಿ ಕಾಯಿಯೇ ಇಲ್ಲ. ಹಾಗಾಗಿ ಇಲ್ಲಿನ ತೋಟಗಾರ ತೆಂಗಿಗೆ ಮಡಕೆ ಕಟ್ಟುವ ರೂಢಿ ಇಟ್ಟುಕೊಳ್ಳಲಿಲ್ಲ. ಊರಿಗೆ ಹೆಂಡ ಬರುತ್ತಿದ್ದುದು ಹಳ್ಳದ ದಂಡೆಯ, ಕೆರೆ ಹಿಂದಿನ ಈಚಲು ಮರಗಳಿಂದ.

ಈ ಈಚಲು ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ದೊಡ್ಡ ಆಧಾರವಾಗಿತ್ತು. ಸರ್ಕಾರವೇ ಈಚಲು ವನಗಳನ್ನು ಅಬಕಾರಿಗೆಂದು ಕಾದಿರಿಸುತ್ತಿತ್ತು, ಹೆಂಡದಂಗಡಿಗಳನ್ನು ಹರಾಜು ಹಾಕುತ್ತಿತ್ತು. ಮರ ಕೆತ್ತಿ ರಸ ಇಳಿಸುವ ಕೈ ಈಡಿಗರದು, ಲಾಭ ಗುತ್ತಿಗೆದಾರನದು. ಆದ್ದರಿಂದಲೇ ಸ್ವಾತಂತ್ರ್ಯ ಹೋರಾಟದ ಕೊಡಲಿ ಈಚಲಿನ ಮೇಲೆ ಬಿತ್ತು. ಪಕ್ಕದ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ 1939ರಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ನಡೆದ ಸತ್ಯಾಗ್ರಹದಲ್ಲಿ ಜನ ಈಚಲು ಮರಗಳನ್ನೇ ಕಡಿದುರುಳಿಸಿದರು. ಅದು ಪಾನನಿರೋಧವೂ ಹೌದು, ಸರ್ಕಾರದ ಆದಾಯದ ಬೇರಿಗೆ ಕೊಟ್ಟ ಏಟೂ ಹೌದು.

ಬಿಯರ್ ಬಂದದ್ದು ಬೇರೆ ದಾರಿಯಲ್ಲಿ. ದಂಡು ಪ್ರದೇಶದ ಬ್ರಿಟಿಷ್ ಸೈನಿಕರಿಗಾಗಿ ಊಟಿ, ಬೆಂಗಳೂರು, ಮದರಾಸುಗಳಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಬ್ರೂವರಿಗಳು ಹುಟ್ಟಿಕೊಂಡವು. ಪೀಪಾಯಿಗಳು ಎತ್ತಿನ ಗಾಡಿಯಲ್ಲಿ ಸಾಗುತ್ತಿದ್ದವು. 1915ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ ಐದು ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. 1948ರಲ್ಲಿ ವಿಠಲ್ ಮಲ್ಯ ಅದರ ಮೊದಲ ಭಾರತೀಯ ಅಧ್ಯಕ್ಷರಾದರು. ಕಿಂಗ್‌ಫಿಷರ್ ಹೆಸರು ದೇಶದ ಮೂಲೆಮೂಲೆ ತಲುಪಿತು. 2008ರಲ್ಲಿ ಹಾಲೆಂಡಿನ ಹೈನೆಕೆನ್ ಈ ಕಂಪನಿಯ ಪಾಲುದಾರನಾಯಿತು, 2021ರಲ್ಲಿ ಶೇ 61ಕ್ಕೂ ಹೆಚ್ಚು ಪಾಲು ಅದರ ಕೈ ಸೇರಿತು. ನಾಕೌಟ್ ಬಿಯರಿನ ಮೈಸೂರು ಬ್ರೂವರೀಸ್ 2001ರಲ್ಲೇ ದಕ್ಷಿಣ ಆಫ್ರಿಕಾ ಮೂಲದ ಕಂಪನಿಗೆ ಹೋಗಿತ್ತು. ಆ ಕಂಪನಿಯನ್ನು 2016ರಲ್ಲಿ ಬೆಲ್ಜಿಯಂನ ಎಬಿ ಇನ್‌ಬೆವ್ ನುಂಗಿತು.

ಒಡೆತನ ಹೀಗೆ ಕೆಲವರ ಕೈಗೆ ಸೇರಿದರೆ ಏನಾಗುತ್ತದೆ ಎಂಬುದು 2021ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ದೊಡ್ಡ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಬಿಯರ್ ಬೆಲೆ ಕಟ್ಟುತ್ತಿದ್ದವು ಎಂದು ಭಾರತೀಯ ಸ್ಪರ್ಧಾ ಆಯೋಗ ತೀರ್ಮಾನಿಸಿ, ಯುನೈಟೆಡ್ ಬ್ರೂವರೀಸ್‌ಗೆ ಸುಮಾರು 752 ಕೋಟಿ, ಕಾರ್ಲ್ಸ್‌ಬರ್ಗ್ ಇಂಡಿಯಾಕ್ಕೆ ಸುಮಾರು 121 ಕೋಟಿ ರೂಪಾಯಿ ದಂಡ ಹಾಕಿತು. ಮೊದಲು ಬಾಯಿಬಿಟ್ಟ ಎಬಿ ಇನ್‌ಬೆವ್‌ಗೆ ದಂಡದಿಂದ ವಿನಾಯಿತಿ ಸಿಕ್ಕಿತು.

ಇನ್ನು ಬಾಟಲಿಯೊಳಗಿನ ಸರಕು. ಜರ್ಮನಿಯ ಬವೇರಿಯಾದಲ್ಲಿ 1516ರಲ್ಲೇ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಬಿಯರಿಗೆ ಸೇರಬಾರದೆಂಬ ಕಟ್ಟಳೆ ಬಂತು. ಆ ಕಟ್ಟಳೆಯನ್ನು ಹೊರಗಿನ ಬಿಯರಿಗೂ ಹೇರುವಂತಿಲ್ಲ ಎಂದು ಯುರೋಪಿನ ನ್ಯಾಯಾಲಯ 1987ರಲ್ಲಿ ತೀರ್ಪು ಕೊಟ್ಟಿತು. ಭಾರತದಲ್ಲಿ ಅಂಥ ಕಟ್ಟಳೆ ಇಲ್ಲ. 2019ರ ಏಪ್ರಿಲ್‌ನಿಂದ ಜಾರಿಯಾದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಮಾಲ್ಟಿನ ಜೊತೆ ಬೇರೆ ಧಾನ್ಯಕ್ಕೂ ಅವಕಾಶ ಕೊಟ್ಟು, ಮದ್ಯಸಾರ ಶೇ 5 ದಾಟಿ ಶೇ 8ರವರೆಗೆ ಇರುವುದು ‘ಸ್ಟ್ರಾಂಗ್’ ಎಂದು ಗೆರೆ ಎಳೆಯಿತು. ಅಕ್ಕಿ, ಮೆಕ್ಕೆಜೋಳದ ಅವಲಕ್ಕಿ, ಸಕ್ಕರೆ ಬೆರೆಸಿದರೆ ಮಾಲ್ಟಿನ ಖರ್ಚು ತಗ್ಗುತ್ತದೆ, ರುಚಿ ತೆಳುವಾಗುತ್ತದೆ. ಬಾರ್ಲಿ ಹೆಚ್ಚಾಗಿ ರಾಜಸ್ಥಾನ, ಹರಿಯಾಣದ ಕಡೆಯದು. ಹಾಪ್ಸ್ ಬಹುಮಟ್ಟಿಗೆ ಕಡಲಾಚೆಯದು. ಕಾಯಿಸಿ, ಸೋಸಿ, ಮುಚ್ಚಳ ಬಿಗಿದ ಮೇಲೆ ಬಿಯರ್ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಪ್ರತಿ ಬಾಟಲಿಯನ್ನೂ ಎಣಿಸಬಹುದು, ಅದರ ಮೇಲೆ ತೆರಿಗೆ ಹಾಕಬಹುದು. ಸರ್ಕಾರಕ್ಕೂ ಕಾರ್ಖಾನೆಗೂ ಒಗ್ಗುವ ಗುಣ ಇದೇ.

ತೆಂಗಿನ ರಸಕ್ಕೆ ಈ ಗುಣವಿಲ್ಲ. ಮರದಿಂದ ಇಳಿದ ಕೆಲವೇ ಗಂಟೆಗಳಲ್ಲಿ ಅದು ಹುಳಿಯತೊಡಗುತ್ತದೆ. ಬೆಳಗಿನ ಸಿಹಿ ನೀರಾ ಸಂಜೆಗೆ ಕಳ್ಳು. ಕಾನೂನಿನ ಕಣ್ಣಿಗೆ ಎರಡರ ನಡುವಿನ ಅಂತರ ಕೆಲವು ಗಂಟೆ ಮಾತ್ರ, ರೈತನಿಗೋ ಅದು ಬದುಕಿನ ಪ್ರಶ್ನೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿಪೀಡೆ ಕರ್ನಾಟಕದ ತೋಟಗಳಿಗೂ ಹಬ್ಬಿ ಕಾಯಿ ಗಾತ್ರ ಕುಗ್ಗಿದಾಗ, ಕಾಯಿ ಇಲ್ಲದಿದ್ದರೆ ರಸವನ್ನಾದರೂ ಇಳಿಸಿಕೊಳ್ಳುತ್ತೇವೆ ಎಂದು ರೈತರು ನೀರಾ ಚಳವಳಿ ಹೂಡಿದರು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಇಬ್ಬರು ರೈತರು ಬಲಿಯಾದರು. ಸ್ವಂತ ಮರದ ರಸಕ್ಕಾಗಿ ಪ್ರಾಣ ಕೊಡಬೇಕಾಗಿ ಬಂದದ್ದನ್ನು ತೆಂಗಿನ ನಾಡು ಮರೆಯಬಾರದು.

ಮುಂದಿನ ಆರು ವರ್ಷಗಳಲ್ಲಿ ಚಿತ್ರ ಪೂರ್ತಿ ಬದಲಾಯಿತು. 2003ರಲ್ಲಿ ಮದ್ಯದ ಸಗಟು ವ್ಯಾಪಾರವನ್ನೆಲ್ಲ ಸರ್ಕಾರಿ ಪಾನೀಯ ನಿಗಮ ವಹಿಸಿಕೊಂಡಿತು. 2004ರಲ್ಲಿ ದಕ್ಷಿಣ ಕನ್ನಡ, ಉಡುಪಿ ಬಿಟ್ಟು ಉಳಿದೆಡೆ ಸೇಂದಿ, ಅಂದರೆ ಹೆಂಡ ಕಳ್ಳುಗಳ ಮಾರಾಟ, ನಿಂತಿತು. ಕರಾವಳಿಯಲ್ಲಿ ಮರದಿಂದ ರಸ ಇಳಿಸುವ ಮೂರ್ತೆದಾರರ ಸಹಕಾರ ಸಂಘಗಳು ಇಂದಿಗೂ ಕಳ್ಳು ಮಾರುತ್ತಿವೆ. 2007ರಲ್ಲಿ ಸಾರಾಯಿಯೂ ಹೋಯಿತು. ಹೆಂಡಕ್ಕೆ ಕ್ಲೋರಲ್ ಹೈಡ್ರೇಟ್ ಬೆರೆಸುವ ದಂಧೆ ಇದ್ದದ್ದು ನಿಜ, ಅದನ್ನು ಮಟ್ಟಹಾಕಬೇಕಿತ್ತು. ಆದರೆ ಪರೀಕ್ಷೆ, ಮಾನದಂಡ, ಪರವಾನಗಿ ಎಲ್ಲವೂ ಕಾರ್ಖಾನೆಯ ಬಾಟಲಿಗೆ ಸಿಕ್ಕವು, ಮರ ಹತ್ತುವವನಿಗೆ ಸಿಕ್ಕದ್ದು ನಿಷೇಧ ಮಾತ್ರ. ತಪ್ಪು ನಡೆದದ್ದು ಇಲ್ಲೇ.

ನೀರಾ ಇಳಿಸಲು ರಾಜ್ಯ ಸರ್ಕಾರ ಕಾಯ್ದೆ ತಿದ್ದಿ ದಾರಿ ಮಾಡಿದ್ದು ವಿಠಲೇನಹಳ್ಳಿಯ ಗೋಲಿಬಾರ್ ನಡೆದು ಹದಿನೈದು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಹೊಂಬಾಳೆಗೇ ಮಂಜುಗಡ್ಡೆಯ ಪೆಟ್ಟಿಗೆ ಕಟ್ಟಿ, ರಸ ಹುಳಿಯದಂತೆ ಇಳಿಸುವ ವಿಧಾನ ರೂಪಿಸಿ ‘ಕಲ್ಪರಸ’ ಎಂದು ಹೆಸರಿಟ್ಟಿತ್ತು. ಕೆಡುವ ರಸವೆಂಬ ಹಳೆಯ ನೆಪಕ್ಕೆ ಉತ್ತರ ಸಿಕ್ಕಿದೆ. ಆದರೆ ಮರದಿಂದ ಅಂಗಡಿಯವರೆಗೆ ತಂಪು ಕೆಡದಂತೆ ಸಾಗಿಸುವ ವ್ಯವಸ್ಥೆಯನ್ನು ಒಬ್ಬ ಸಣ್ಣ ಹಿಡುವಳಿದಾರ ತನ್ನ ಖರ್ಚಿನಲ್ಲಿ ಕಟ್ಟಲಾರ.

2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ತಿಪಟೂರಿನ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಕುಸಿದಿತ್ತು, ರೈತರು ಬೀದಿಗಿಳಿದಿದ್ದರು. ಅಂಥ ವರ್ಷ ಮತ್ತೆ ಬರುತ್ತದೆ. ಅದಕ್ಕೆ ಮೊದಲೇ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ರೈತರ ಗುಂಪುಗಳಿಗೆ ನೀರಾ ಪರವಾನಗಿ, ಮರ ಹತ್ತುವವರಿಗೆ ತರಬೇತಿ ಮತ್ತು ವಿಮೆ, ಹೋಬಳಿಗೊಂದು ತಂಪು ಸಂಗ್ರಹ ಕೇಂದ್ರ ಕೊಡಿಸಬೇಕು. ಇದನ್ನು ಕೇಳುವ ಕೆಲಸ ಬೆಳೆಗಾರರ ಸಂಘಗಳದು, ಕೊಡುವ ಕೆಲಸ ಸರ್ಕಾರದ್ದು.