ಬ್ರಾಮ್ ಸ್ಟೋಕರನ ಅಮ್ಮ ಕಂಡ ಕಾಲರಾ

ಹದಿನಾರು ಹದಿನೇಳರ ವಯಸ್ಸಿನಲ್ಲಿ ನನ್ನ ನಿದ್ದೆ ಕೆಡಿಸಿದವರು ಇಬ್ಬರು. ಅಮೆರಿಕದ ಎಡ್ಗರ್ ಆಲನ್ ಪೋ, ಐರ್ಲೆಂಡಿನ ಬ್ರಾಮ್ ಸ್ಟೋಕರ್. ಕೊರೋನಾ ಗಲಾಟೆ ಎಲ್ಲ ಮುಗಿದ ಮೇಲೆ ಇಬ್ಬರನ್ನೂ ಮತ್ತೆ ಓದಿದೆ. ಆಗ ಹೆದರಿಸಿದ್ದ ಕೋರೆಹಲ್ಲು, ಶವಪೆಟ್ಟಿಗೆ ಈಗ ಸಪ್ಪೆ. ಆದರೆ ಇಬ್ಬರ ಕಥೆಗಳಲ್ಲೂ ದೆವ್ವದ ವೇಷ ಹಾಕಿಕೊಂಡು ಓಡಾಡುತ್ತಿರುವುದು ರೋಗ ಅನ್ನಿಸತೊಡಗಿತು. ಸರಿ, ಅವರ ಕಾಲದ ಚರಿತ್ರೆ ಕೆದಕುತ್ತಾ ಕೂತೆ..

ಮೊದಲು ಪೋ. 1842ರ ಜನವರಿಯಲ್ಲಿ ಅವನ ಹೆಂಡತಿ ವರ್ಜೀನಿಯಾ ಹಾಡುತ್ತಿದ್ದಾಗ ಬಾಯಿಂದ ರಕ್ತ ಬಂತು. ಕ್ಷಯ. ಅದೇ ಮೇ ತಿಂಗಳಲ್ಲಿ 'ದಿ ಮಾಸ್ಕ್ ಆಫ್ ದಿ ರೆಡ್ ಡೆತ್' ಅಚ್ಚಾಯಿತು. ಹೊರಗೆ ಜನ ರಕ್ತ ಸೋರಿ ಸಾಯುತ್ತಿದ್ದರೆ ರಾಜಕುಮಾರ ಸಾವಿರ ಗೆಳೆಯರ ಜೊತೆ ಒಳಸೇರಿ, ಚಿಲಕಗಳಿಗೆ ಬೆಸುಗೆ ಹಾಕಿಸಿ ಮೋಜು ಮಾಡುತ್ತಾನೆ. ಲಾಕ್‌ಡೌನ್ ಕಂಡ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ವರ್ಜೀನಿಯಾ 1847ರಲ್ಲಿ ತೀರಿಕೊಂಡಳು.

ಅದೇ 1847ರಲ್ಲಿ ಡಬ್ಲಿನ್ ಬಳಿ ಸ್ಟೋಕರ್ ಹುಟ್ಟಿದ. ಏಳು ವರ್ಷದವರೆಗೂ ಹಾಸಿಗೆ ಹಿಡಿದಿದ್ದ ಮಗು. ಪಕ್ಕದಲ್ಲಿ ಕೂತು ಕಥೆ ಹೇಳುತ್ತಿದ್ದವಳು ಅಮ್ಮ ಶಾರ್ಲೆಟ್. ಅವಳ ಹತ್ತಿರ ಇದ್ದ ಕಥೆಗಳು ಎಂಥವು ಗೊತ್ತೇ? ನಮ್ಮ ಬಂಗಾಳದ ಕಡೆಯಿಂದ ಹೊರಟು ರಷ್ಯಾ, ಯುರೋಪು ದಾಟಿದ ಕಾಲರಾ 1832ರಲ್ಲಿ ಅವಳಿದ್ದ ಸ್ಲೈಗೋ ಊರಿಗೆ ಬಂತು. ಅವಳಿಗೆ ಆಗ ಹದಿನಾಲ್ಕು. ಒಬ್ಬ ಎತ್ತರದ ಸಾರ್ಜೆಂಟ್ ಸತ್ತನೆಂದು ಪೆಟ್ಟಿಗೆಗೆ ಹಾಕಲು ಹೋದರೆ ಹಿಡಿಸಲಿಲ್ಲವಂತೆ. ಕಾಲು ಮುರಿಯೋಣ ಅಂತ ಸುತ್ತಿಗೆಯಲ್ಲಿ ಒಂದು ಏಟು ಹಾಕಿದ್ದೇ ತಡ, 'ಹೆಣ' ಎದ್ದು ಕೂತಿತು! ಊರು ಬಿಟ್ಟು ಹೊರಟ ಶಾರ್ಲೆಟ್ ಮನೆಯವರನ್ನು ದಾರಿಯ ಊರಿನವರು ಒಳಗೆ ಬಿಡಲಿಲ್ಲ. ಮುಂದೆ ಮಗ ಕೇಳಿದ್ದಕ್ಕೆ ಇದನ್ನೆಲ್ಲ ಬರೆದೂ ಕೊಟ್ಟಳು.

1897ರ 'ಡ್ರಾಕುಲಾ'ವನ್ನು ಇದಾದ ಮೇಲೆ ತೆರೆದು ನೋಡಿ. ಪೂರ್ವದಿಂದ ಹಡಗಿನಲ್ಲಿ ಬರುತ್ತಾನೆ, ದಾರಿಯಲ್ಲೇ ನಾವಿಕರು ಒಬ್ಬೊಬ್ಬರಾಗಿ ಇಲ್ಲವಾಗುತ್ತಾರೆ, ಸತ್ತವರು ಪೂರ್ತಿ ಸತ್ತಿರುವುದಿಲ್ಲ. (ಕಾದಂಬರಿಯ ದ್ವಿತೀಯಾರ್ಧ ಮಾತ್ರ ಎಳೆದಾಟ, ಆಗಲೂ ಪುಟ ಹಾರಿಸುತ್ತಿದ್ದೆ, ಈಗಲೂ ಹಾರಿಸಿದೆ.) ಲೂಸಿಗೆ ನಾಲ್ಕು ಗಂಡಸರ ರಕ್ತ ಒಂದಾದ ಮೇಲೊಂದು ಏರಿಸುತ್ತಾರಲ್ಲ, ಅಲ್ಲಿ ನಿಂತುಬಿಟ್ಟೆ. ರಕ್ತದ ಗುಂಪುಗಳ ಬಗ್ಗೆ ಲ್ಯಾಂಡ್‌ಸ್ಟೈನರ್ ಪ್ರಕಟಿಸಿದ್ದು 1901ರಲ್ಲಿ. ನನಗಂತೂ ಈಗ ಡ್ರಾಕುಲಾಗಿಂತ ವ್ಯಾನ್ ಹೆಲ್ಸಿಂಗನ ಚಿಕಿತ್ಸೆಯೇ ಭಯ :-)

ಸ್ಟೋಕರನ ಟಿಪ್ಪಣಿಗಳು ಫಿಲಡೆಲ್ಫಿಯಾದ ರೋಸೆನ್‌ಬಾಕ್ ಸಂಗ್ರಹಾಲಯದಲ್ಲಿವೆ. ಅವುಗಳ ನಡುವೆ ಅಮೆರಿಕದ ರಕ್ತಪಿಶಾಚಿಗಳ ಬಗ್ಗೆ 1896ರ ಒಂದು ಪತ್ರಿಕಾ ತುಣುಕೂ ಇದೆ. ಆ ವರದಿಯ ಹಿಂದಿನ ನಂಬಿಕೆ ಎಷ್ಟು ದೂರ ಹೋಗಿತ್ತು ಅನ್ನುವುದಕ್ಕೆ ರೋಡ್ ಐಲೆಂಡಿನ ಎಕ್ಸೆಟರ್ ಎಂಬ ಹಳ್ಳಿಯ ಮರ್ಸಿ ಬ್ರೌನ್ ಸಾಕ್ಷಿ. ತಾಯಿ, ಅಕ್ಕ ಕ್ಷಯದಿಂದ ಹೋಗಿದ್ದರು. 1892ರ ಜನವರಿಯಲ್ಲಿ ಹತ್ತೊಂಬತ್ತರ ಮರ್ಸಿಯೂ ಹೋದಳು. ತಮ್ಮನನ್ನೋ ಅಣ್ಣನನ್ನೋ ಸತ್ತವಳೇ ಹೀರುತ್ತಾಳೆ ಎಂಬ ಭಯ ಊರಿಗೆ. ಒಡಹುಟ್ಟಿದ ಎಡ್ವಿನ್ ಮಲಗಿದ್ದ. ಮಾರ್ಚ್‌ನಲ್ಲಿ ಹೆಣ ತೆಗೆದರು. ಚಳಿಗೆ ಅದು ಕೆಟ್ಟಿರಲಿಲ್ಲ, ಅದೇ ಪುರಾವೆಯಾಯಿತು! ಹೃದಯ ಸುಟ್ಟು ಬೂದಿಯನ್ನು ಎಡ್ವಿನ್‌ಗೆ ಕುಡಿಸಿದರು. ಕಾಖ್ ಕ್ಷಯದ ರೋಗಾಣುವನ್ನು ಲೋಕಕ್ಕೆ ತೋರಿಸಿ ಆಗಲೇ ಹತ್ತು ವರ್ಷವಾಗಿತ್ತು. ಎಡ್ವಿನ್ ಮೇ ತಿಂಗಳಲ್ಲಿ ಸತ್ತ.