ಶಿಂದೆ, ವಿಠ್ಠಲ ರಾಮಜಿ

ಶಿಂದೆ, ವಿಠ್ಠಲ ರಾಮಜಿ (1873-1944): ಅಸ್ಪೃಶ್ಯತಾ ನಿವಾರಣೆಗೆ ದುಡಿದ ಸಮಾಜ ಸುಧಾರಕ, ಧರ್ಮಚಿಂತಕ, ಮರಾಠಿ ಲೇಖಕ. ಮಹರ್ಷಿ ಎಂಬ ಗೌರವನಾಮದಿಂದ ಪ್ರಸಿದ್ಧ.

ಜನನ 1873ರ ಏಪ್ರಿಲ್ 23ರಂದು, ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ. ಅದು ಆಗ ಪಟವರ್ಧನರ ಸಂಸ್ಥಾನ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1898ರಲ್ಲಿ ಬಿ.ಎ. ಪದವಿ ಪಡೆದರು. ಧಾರ್ಮಿಕ ಹಾಗೂ ಸಾಮಾಜಿಕ ಸುಧಾರಣಾ ಸಂಘಟನೆಯಾದ ಪ್ರಾರ್ಥನಾ ಸಮಾಜವನ್ನು ಸೇರಿ, 1901-03ರಲ್ಲಿ ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ತೌಲನಿಕ ಧರ್ಮಶಾಸ್ತ್ರವನ್ನು ಅಭ್ಯಸಿಸಿದರು. ಹಿಂದಿರುಗಿದ ಮೇಲೆ ಪ್ರಾರ್ಥನಾ ಸಮಾಜದ ಪ್ರಚಾರಕರಾದರು.

1906ರ ಅಕ್ಟೋಬರ್ 18ರಂದು ಮುಂಬಯಿಯಲ್ಲಿ ಅಸ್ಪೃಶ್ಯರ ಏಳಿಗೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಹೊನ್ನಾವರದಲ್ಲಿ ಜನಿಸಿದ ನ್ಯಾಯಮೂರ್ತಿ ನಾರಾಯಣ ಚಂದಾವರ್ಕರ್ ಅದರ ಅಧ್ಯಕ್ಷರಾಗಿದ್ದರು. ಶಾಲೆ, ವಿದ್ಯಾರ್ಥಿನಿಲಯ, ಕಸುಬು ಶಿಕ್ಷಣ ಹಾಗೂ ಭಜನಾ ಸಭೆಗಳು ಮಿಷನ್ನಿನ ಮುಖ್ಯ ಕಾರ್ಯಗಳು. ಪುಣೆ, ಹುಬ್ಬಳ್ಳಿ ಮೊದಲಾದೆಡೆ ಶಾಖೆಗಳಿದ್ದವು. ಪುಣೆಯ ಶಾಖೆಗಾಗಿ ಇಂದೂರಿನ ಹೋಳ್ಕರರ ದೇಣಿಗೆಯ ನೆರವಿನಿಂದ ಕಟ್ಟಿದ ಸಂಕೀರ್ಣಕ್ಕೆ ಅಹಲ್ಯಾಶ್ರಮವೆಂದು ಹೆಸರು. 1918ರಲ್ಲಿ ಮುಂಬಯಿಯಲ್ಲಿ ಬಡೋದೆಯ ಸಯಾಜಿರಾವ್ ಗಾಯಕವಾಡರ ಅಧ್ಯಕ್ಷತೆಯಲ್ಲಿ ಅಸ್ಪೃಶ್ಯತಾ ನಿವಾರಣಾ ಪರಿಷತ್ತನ್ನು ಏರ್ಪಡಿಸಿದರು. ಹೆಣ್ಣುಮಕ್ಕಳ ಕಡ್ಡಾಯ ಶಿಕ್ಷಣಕ್ಕಾಗಿ ಪುಣೆಯಲ್ಲಿ ಚಳವಳಿ ನಡೆಸಿದರು. ರೈತ ಪರಿಷತ್ತುಗಳಲ್ಲಿ ಭಾಗವಹಿಸಿದರು. 1930ರ ಕಾನೂನುಭಂಗ ಚಳವಳಿಯಲ್ಲಿ ಯರವಡಾ ಸೆರೆಮನೆವಾಸ ಅನುಭವಿಸಿದರು.

‘ಭಾರತೀಯ ಅಸ್ಪೃಶ್ಯತೇಚಾ ಪ್ರಶ್ನ’ (1933) ಇವರ ಪ್ರಮುಖ ಕೃತಿ. ಅಸ್ಪೃಶ್ಯತೆಯ ಉಗಮವನ್ನು ಇತಿಹಾಸ ಹಾಗೂ ಸಮಾಜಶಾಸ್ತ್ರಗಳ ನೆಲೆಯಲ್ಲಿ ಪರಿಶೀಲಿಸುತ್ತದೆ. ‘ಮಾಝ್ಯಾ ಆಠವಣೀ ವ ಅನುಭವ’ ಆತ್ಮಕಥೆ. ಕನ್ನಡ-ಮರಾಠಿ ಭಾಷಾಸಂಬಂಧವನ್ನು ಕುರಿತೂ ಬರೆದಿದ್ದಾರೆ. ಅಸ್ಪೃಶ್ಯರ ಶಿಕ್ಷಣವನ್ನು ಬಹುಶಾಖೆಯ ಸಂಸ್ಥೆಯೊಂದರ ಮೂಲಕ ಸಂಘಟಿಸಿದ ಆರಂಭಿಕರಲ್ಲಿ ಇವರೊಬ್ಬರು. 1944ರ ಜನವರಿ 2ರಂದು ಪುಣೆಯಲ್ಲಿ ನಿಧನರಾದರು.