ಚೌಳು ಮಣ್ಣು, ಉಬ್ಬೆ, ಒಗೆಯುವ ಕಲ್ಲು



ಗುಂಡಿ ಒತ್ತಿದರೆ ಬಟ್ಟೆ ಒಗೆದು ಹಿಂಡಿ ಕೊಡುವ ಯಂತ್ರ ಈಗ ಎಷ್ಟೋ ಮನೆಗಳಲ್ಲಿದೆ. ನಮ್ಮ ಅಜ್ಜಿ, ಮುತ್ತಜ್ಜಿಯರ ಕಾಲದಲ್ಲಿ ಹಿಂದೂಪುರ, ಕಲ್ಯಾಣದುರ್ಗದ ಸೀಮೆಯಲ್ಲಿ ಬಟ್ಟೆ ಹೇಗೆ ಬೆಳ್ಳಗಾಗುತ್ತಿತ್ತು ಗೊತ್ತೇ?

ಮೊದಲ ಕಷ್ಟ ನೀರಿನದು. ಇದು ಮಳೆ ಕಡಿಮೆಯ ನಾಡು. ಪೆನ್ನಾರ್ ಹೊಳೆ ವರ್ಷದ ಬಹುಪಾಲು ಬರೀ ಮರಳು. ಕೆರೆಯಲ್ಲಿ ನೀರಿದ್ದರೆ ಕೆರೆ, ಇಲ್ಲವಾದರೆ ಮರಳು ತೋಡಿ ಒರತೆ.

ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಶುರುವಾದದ್ದೇ ಇಪ್ಪತ್ತನೇ ಶತಮಾನದಲ್ಲಿ. ಹಳ್ಳಿಯ ಅಗಸರಿಗೆ (ತೆಲುಗಿನಲ್ಲಿ ಚಾಕಲಿಯವರು) ಸಾಬೂನೆಂದರೆ ಚೌಳು ಮಣ್ಣು. ಬೇಸಿಗೆಯಲ್ಲಿ ಚೌಳು ನೆಲದ ಮೇಲೆ ಬೆಳ್ಳಗೆ ಉಬ್ಬಿ ಬರುವ ಈ ಮಣ್ಣಿನಲ್ಲಿ ವಾಷಿಂಗ್ ಸೋಡಾದ ಅಂಶವಿದೆ. ಜಿಡ್ಡು ಬಿಡಿಸುವುದು ಅದೇ. ಮಲಾಕಿ ಪ್ರವಾದಿಯ ಗ್ರಂಥದ 3ನೇ ಅಧ್ಯಾಯದಲ್ಲಿ ಬರುವ ಅಗಸನ ಸಾಬೂನೂ ಇಂಥದೇ ಒಂದು ಕ್ಷಾರ, ಅಂಗಡಿಯ ಬಿಲ್ಲೆಯಲ್ಲ!

ಚೌಳು ಕದಡಿದ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ನೀರು ಕುದಿಯುವ ದೊಡ್ಡ ಮಡಕೆಯ ಬಾಯಿಯ ಸುತ್ತ ಗೋಪುರದಂತೆ ಪೇರಿಸುತ್ತಿದ್ದರು. ಇದೇ ಉಬ್ಬೆ. ರಾತ್ರಿಯೆಲ್ಲ ಹಬೆ ಏರಬೇಕು, ಬೆಂಕಿ ಆರಬಾರದು. ಬೆಳಗಾದರೆ ಕತ್ತೆಯ ಮೇಲೆ ಗಂಟು ಹೇರಿ ನೀರಿನ ಕಡೆಗೆ ನಡೆದು, ಕಲ್ಲಿಗೆ ಎತ್ತಿ ಎತ್ತಿ ಬಡಿಯುವುದು. ಯಾರ ಬಟ್ಟೆ ಯಾವುದೆಂದು ತಿಳಿಯಲು ಕರಿಗೇರು ಕಾಯಿಯ ರಸದಿಂದ ಗುರುತು ಹಾಕುತ್ತಿದ್ದರು. ಎಷ್ಟು ಒಗೆದರೂ ಆ ಕಪ್ಪು ಹೋಗದು. ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ.

ಕೂಲಿ? ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಧಾನ್ಯ, ಸಂಜೆ ಮನೆಮನೆಯ ಮುಂದೆ ನಿಂತರೆ ಮುದ್ದೆ, ಸಾರು. ಹೆರಿಗೆಯ ಬಟ್ಟೆ, ಮುಟ್ಟಿನ ಬಟ್ಟೆಯನ್ನೂ ಒಗೆದ ಕೈಗಳನ್ನು ಊರು ಕೀಳಾಗಿಯೇ ಕಂಡಿತು.

ಇನ್ನೊಂದು ವಿಷಯವನ್ನು ನಾವು ಮುಚ್ಚಿಡಬಾರದು. ಎಷ್ಟೋ ಹಳ್ಳಿಗಳಲ್ಲಿ ದಲಿತರ ಕೇರಿಯ ಬಟ್ಟೆಗೆ ಆ ಉಬ್ಬೆಯಲ್ಲಿ ಜಾಗವೇ ಇರಲಿಲ್ಲ. ಅಗಸನೇ ಮನಸ್ಸು ಮಾಡಿದರೂ ಊರಿನ ಉಳಿದ ಮನೆಗಳ ಕೆಲಸ ತಪ್ಪುವ ಭಯ. ಹಾಗಾಗಿ ಕೇರಿಯ ಹೆಂಗಸರು ಹೊಲದ ಕೂಲಿ ಮುಗಿಸಿ ಬಂದು ತಮ್ಮ ಬಟ್ಟೆಯನ್ನು ತಾವೇ ಒಗೆದುಕೊಂಡರು, ಅದೂ ಊರವರು ಮುಟ್ಟದ ನೀರಿನಲ್ಲಿ. ಅಸ್ಪೃಶ್ಯತೆಯ ಹೆಸರಿನಲ್ಲಿ ಇಂಥ ಸೇವೆ ನಿರಾಕರಿಸುವುದು ಅಪರಾಧವೆಂದು ಕಾನೂನು ಹೇಳಿದ್ದು 1955ರಲ್ಲಿ.

ಆಮೇಲೆ ಬಿಲ್ಲೆ ಸೋಪು, ಪುಡಿ ಪ್ಯಾಕೆಟ್ಟು ಸಂತೆಗೂ ಬಂದವು, ಉಬ್ಬೆಯ ಒಲೆಗಳು ಆರಿದವು. ಮನೆಯಲ್ಲಿ ಅಜ್ಜಿ ಇದ್ದರೆ ಈ ಭಾನುವಾರ ಊಟವಾದ ಮೇಲೆ ಪಕ್ಕದಲ್ಲಿ ಕೂತು ಕೇಳಿ: ನಮ್ಮ ಬಟ್ಟೆ ಯಾರು ಒಗೆಯುತ್ತಿದ್ದರು, ಯಾವ ನೀರಿನಲ್ಲಿ?